ರಾಜ ಕೊಂಡ ಕೋಲು, ಮುನಿಯಪ್ಪ ಹೊತ್ತ ಚೀಲ

ಒಂದು ದೇಶ. ಆ ದೇಶದಲ್ಲಿ ಒಂದು ಆಟಕ್ಕೆ ನಿಷೇಧ. ತಾತ ನಿಷೇಧಿಸಿದ. ಅಪ್ಪ ನಿಷೇಧಿಸಿದ. ಮೊಮ್ಮಗನೂ 1491ರಲ್ಲಿ ಅದೇ ಕಾನೂನಿಗೆ ಮತ್ತೆ ಮೊಹರು ಒತ್ತಿದ. ಹನ್ನೊಂದು ವರ್ಷ ಕಳೀತು. 1502ರ ಸೆಪ್ಟೆಂಬರ್ 21. ಅವತ್ತು ಅದೇ ಮೊಮ್ಮಗ ಮಾಡಿದ್ದೇನು ಗೊತ್ತಾ? ತನ್ನ ಖಜಾನೆಯಿಂದ 14 ಶಿಲ್ಲಿಂಗ್ ಕೊಟ್ಟು ಕೋಲುಗಳನ್ನ ಖರೀದಿ ಮಾಡಿದ!

ದೇಶ ಸ್ಕಾಟ್ಲೆಂಡ್. ಆಟ ಗಾಲ್ಫ್. ರಾಜನ ಹೆಸರು ನಾಲ್ಕನೇ ಜೇಮ್ಸ್. ಗಾಲ್ಫ್ ಕೋಲು ಕೊಂಡಿದ್ದಕ್ಕೆ ಸಿಗುವ ಅತಿ ಹಳೆಯ ಲೆಕ್ಕ ಇದೇ ಅಂತ ಇತಿಹಾಸಕಾರರು ಹೇಳ್ತಾರೆ. ಖಜಾನೆಯ ಪುಸ್ತಕದಲ್ಲಿ ಈ ಒಂದು ಸಾಲು ಬರೆದಿಡದೇ ಹೋಗಿದ್ರೆ, ರಾಜ ಗುಟ್ಟಾಗಿ ಮನಸ್ಸು ಬದಲಾಯಿಸಿದ್ದು ನಮಗೆ ಗೊತ್ತೇ ಆಗ್ತಿರಲಿಲ್ಲ. ನೋಡಿ, ಲೆಕ್ಕದ ಪುಸ್ತಕ ಎಂಥ ರಾಜನನ್ನೂ ಬಿಡೋದಿಲ್ಲ.

ನಿಷೇಧ ಯಾಕಿತ್ತು? ಜನ ಗಾಲ್ಫು, ಫುಟ್‌ಬಾಲು ಅಂತ ಆಡ್ಕೊಂಡು ಬಿಲ್ಲುವಿದ್ಯೆಯ ಅಭ್ಯಾಸ ಬಿಟ್ರು ಅನ್ನೋದು ಸರ್ಕಾರದ ಸಿಟ್ಟು. ಪಕ್ಕದಲ್ಲೇ ಇಂಗ್ಲೆಂಡ್ ಅನ್ನೋ ಶತ್ರು. ಯುದ್ಧ ಬಂದ್ರೆ ಬಾಣ ಹೊಡೆಯೋರು ಯಾರು? ಹಾಗಾಗಿ 1457ರಲ್ಲಿ ತಾತ, ಅಂದ್ರೆ ಎರಡನೇ ಜೇಮ್ಸ್, ಮೊದಲ ನಿಷೇಧ ಹೇರಿದ. 1502ರಲ್ಲಿ ಇಂಗ್ಲೆಂಡ್ ಜೊತೆ ಶಾಂತಿ ಒಪ್ಪಂದ ಆಯ್ತು. ಶಾಂತಿ ಬಂತು, ರಾಜ ಆಟಕ್ಕೆ ವಾಪಸ್ ಬಂದ, ಬಂದವನೇ ಹೊಸ ಕೋಲು ಕೊಂಡ. ಯಾರಿಂದ? ಪರ್ತ್ ಅನ್ನೋ ಊರಿನ ಒಬ್ಬ ಬಿಲ್ಲು ಮಾಡುವವನಿಂದ! ಯಾವ ಬಿಲ್ಲಿಗಾಗಿ ಆಟ ನಿಂತಿತ್ತೋ, ಅದೇ ಬಿಲ್ಲು ಬಾಗಿಸುವ ಕೈ ಗಾಲ್ಫ್ ಕೋಲನ್ನೂ ಕೆತ್ತಿತು. 1504ರಲ್ಲಿ ಬಾತ್‌ವೆಲ್ ಅನ್ನೋ ದೊರೆಯ ಜೊತೆ ರಾಜ ಗಾಲ್ಫ್ ಆಡಿದ್ದಕ್ಕೂ, ಮತ್ತೆ ಕೋಲು-ಚೆಂಡು ತರಿಸಿದ್ದಕ್ಕೂ ಲೆಕ್ಕ ಇದೆ. ಆದ್ರೆ ಶಾಂತಿ ಉಳೀಲಿಲ್ಲ. 1513ರಲ್ಲಿ ಇಂಗ್ಲೆಂಡ್ ವಿರುದ್ಧದ ಫ್ಲಾಡೆನ್ ಕಾಳಗದಲ್ಲಿ ಈ ರಾಜ ಸತ್ತ. ಕೋಲು ಉಳೀತು, ಕೊಂಡವನು ಉಳೀಲಿಲ್ಲ.

ಕಲಬುರಗಿಯಲ್ಲಿ ಕೂತು ಸ್ಕಾಟ್ಲೆಂಡ್ ರಾಜನ ಕಥೆ ಯಾಕ್ರಿ ಅಂತ ನೀವು ಕೇಳಬಹುದು. ಕಾರಣ ಇದೆ. ಕಮಲಾಪುರದ ಕಡೆಯ ಹಿರಿಯರೊಬ್ಬರು ನನಗೆ ಪರಿಚಯ. ಕೆಂಪು ಬಾಳೆ ಬೆಳೆಯುವ ಊರಿಂದ ಹೊರಟು, ಕಲಬುರಗಿಯಲ್ಲಿ ಓದಿ, ಬೆಂಗಳೂರಲ್ಲಿ ಕಂಪನಿ ಕೆಲಸ ಮಾಡಿ, ಅಮೆರಿಕದಲ್ಲಿ ಕೆಲವು ವರ್ಷ ಇದ್ದು ಬಂದವರು. ಅಲ್ಲೇ ಗಾಲ್ಫ್ ಹುಚ್ಚು ಹತ್ತಿತ್ತು. ಆಮೇಲೆ ಮಕ್ಕಳ ಓದು, ಅಪ್ಪ-ಅಮ್ಮನ ಆಸ್ಪತ್ರೆ, ಮನೆ ಸಾಲ. ಆಟ ನಿಂತೇ ಹೋಯ್ತು. ಕೋಲುಗಳು ಊರಿನ ಮನೆಯ ಅಟ್ಟ ಸೇರಿದವು. ಈಗ ಕೆಲಸದಿಂದ ನಿವೃತ್ತಿ ಹತ್ತಿರ ಬಂದಿದೆ, ಮತ್ತೆ ಆಡುವ ಆಸೆ ಚಿಗುರಿದೆ. ಅವರು ಕೇಳಿದ್ದು ಇಷ್ಟೇ: "ತಮ್ಮಾ, ನೀ ಇಂಜಿನಿಯರಿಂಗ್ ಓದೀದಿ ಅಲಾ? ಹೊಸಾ ಸೆಟ್ ತಗೊಳ್ಳಾದಾ, ಹಳೀದೇ ನಡೀತದಾ, ಹೇಳು."

ಒಂದು ಸಾಲಿನ ಪ್ರಶ್ನೆ. ಆದ್ರೆ ಉತ್ತರಕ್ಕೆ ಐನೂರು ವರ್ಷದ ಇತಿಹಾಸ ತಿರುವಬೇಕಾಗುತ್ತೆ. ಯಾಕಂದ್ರೆ ಒಳ್ಳೆ ಕಂಪನಿಯ ಪೂರ್ತಿ ಸೆಟ್‌ಗೆ ಇವತ್ತು ಲಕ್ಷ ರೂಪಾಯಿ ದಾಟುತ್ತೆ. ಒಂದು ಲಕ್ಷ ಅಂದ್ರೆ ನಮ್ಮ ತೊಗರಿ ಬೆಳೆಯುವ ರೈತನ ಮನೇಲಿ ಅದೇನು ಸಣ್ಣ ಮಾತಾ? ಆ ದುಡ್ಡಲ್ಲಿ ಎಷ್ಟು ವಿಜ್ಞಾನ, ಎಷ್ಟು ಬಣ್ಣ, ಎಷ್ಟು ಜಾಹೀರಾತು ಅಂತ ಬಿಡಿಸಿ ನೋಡಬೇಕಲ್ವಾ?

ಇನ್ನೊಂದು ಮಾತು. ಈ ಕೋಲಿಗೆ ಇಂಗ್ಲಿಷಲ್ಲಿ ಕ್ಲಬ್ ಅಂತಾರೆ. ನಮ್ಮ ಕಡೆ ಕ್ಲಬ್ ಅಂದ್ರೆ ಇಸ್ಪೀಟು! ಹಾಗಾಗಿ ನಾನು ಕೋಲು ಅಂತಲೇ ಕರೀತೀನಿ. ಕೋಲಲ್ಲಿ ಚಿಕ್ಕದನ್ನ ಹೊಡೆದು ದೂರ ಹಾರಿಸೋದು ನಮಗೇನು ಹೊಸದಲ್ಲ. ಚಿಣಿಪಣಿ ಆಡದೇ ಬೆಳೆದ ಹುಡುಗ ನಮ್ಮ ಹಿಂದಿನ ತಲೆಮಾರಲ್ಲಿ ಇದ್ದನಾ? ಅಲ್ಲೂ ದೂರವೇ ಲೆಕ್ಕ, ಇಲ್ಲೂ ದೂರವೇ ಲೆಕ್ಕ. ವ್ಯತ್ಯಾಸ ಒಂದೇ. ಚಿಣಿಪಣಿಯಲ್ಲಿ ಎಣಿಕೆ ಜಾಸ್ತಿ ಆದಷ್ಟೂ ಗೆಲುವು, ಗಾಲ್ಫ್‌ನಲ್ಲಿ ಹೊಡೆತ ಕಮ್ಮಿ ಆದಷ್ಟೂ ಗೆಲುವು. ಇನ್ನು ಬಹಮನಿ ಸುಲ್ತಾನರ ಕಾಲದ ತುರ್ಕಿ-ಪರ್ಷಿಯನ್ ಆಸ್ಥಾನಗಳಿಗೆ ಚೌಗಾನ್ ಅನ್ನೋ ಕುದುರೆ ಮೇಲಿನ ಕೋಲು-ಚೆಂಡಿನಾಟ ಚೆನ್ನಾಗೇ ಗೊತ್ತಿತ್ತು. ಕಲಬುರಗಿ ರಾಜಧಾನಿ ಆಗೋದಕ್ಕೆ ನೂರಾ ಮೂವತ್ತೇಳು ವರ್ಷ ಮೊದಲೇ, 1210ರಲ್ಲಿ, ದೆಹಲಿಯ ಸುಲ್ತಾನ ಕುತ್ಬುದ್ದೀನ್ ಐಬಕ್ ಲಾಹೋರಿನಲ್ಲಿ ಚೌಗಾನ್ ಆಡುವಾಗ ಕುದುರೆಯಿಂದ ಬಿದ್ದು ಸತ್ತ. ಕೋಲು-ಚೆಂಡಿನ ಆಟಕ್ಕೆ ರಾಜರು ಪ್ರಾಣವನ್ನೇ ಕೊಟ್ಟಿದ್ದಾರೆ!

ಈಗ ಕೋಲಿನ ವಿಷಯಕ್ಕೆ ಬರೋಣ.

ನಾನೂರು ವರ್ಷ ಗಾಲ್ಫ್ ಕೋಲು ಅಂದ್ರೆ ಬಡಿಗನ ಕೆಲಸ. ಹಿಡಿಕೆಯ ದಂಡ ಮರದ್ದು, ದೂರ ಹೊಡೆಯುವ ಕೋಲಿನ ತಲೆಯೂ ಮರದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಹಿಕರಿ ಅನ್ನೋ ಮರ ದಂಡಕ್ಕೆ ಹೆಸರಾಯ್ತು, ಪರ್ಸಿಮನ್ ಅನ್ನೋ ಮರ ತಲೆಗೆ ಹೆಸರಾಯ್ತು. ಚೆಂಡು? ಚರ್ಮದ ಚೀಲದೊಳಗೆ ಹಕ್ಕಿ ಪುಕ್ಕ ತುಂಬಿ ಹೊಲಿದಿದ್ದು. ಒಬ್ಬ ಕಸುಬುದಾರ ದಿನವಿಡೀ ಕೂತರೂ ನಾಲ್ಕಾರು ಚೆಂಡಿಗಿಂತ ಹೆಚ್ಚು ಆಗ್ತಿರಲಿಲ್ಲ. ಹಾಗಾಗಿ ಚೆಂಡೇ ದುಬಾರಿ. ಬಡವನಿಗೆ ಆಟ ಬಾಗಿಲು ಹಾಕಿದ್ದು ಮೊದಲು ಕೋಲಿಂದ ಅಲ್ಲ, ಚೆಂಡಿಂದ.

ಆ ಬಾಗಿಲು ತೆರೆದಿದ್ದು 1848ರ ಹೊತ್ತಿಗೆ. ಮಲಯಾ ಕಡೆಯ ಮರದ ಅಂಟು, ಅದರ ಹೆಸರು ಗಟ್ಟಾಪರ್ಚಾ. ಬಿಸಿ ಮಾಡಿದ್ರೆ ಮೆತ್ತಗಾಗುತ್ತೆ, ತಣಿದ್ರೆ ಗಟ್ಟಿ ಆಗುತ್ತೆ. ಅದನ್ನ ಉಂಡೆ ಮಾಡಿ ಚೆಂಡು ಮಾಡಿದ್ರು. ಇದರ ಹಿಂದೆ ಒಂದು ಕಥೆ ಹೇಳ್ತಾರೆ. ರಾಬರ್ಟ್ ಪ್ಯಾಟರ್ಸನ್ ಅನ್ನೋ ಸ್ಕಾಟ್ಲೆಂಡಿನ ಹುಡುಗನ ಮನೆಗೆ ಪೂರ್ವದೇಶದಿಂದ ಒಂದು ವಿಷ್ಣುವಿನ ವಿಗ್ರಹ ಬಂತಂತೆ, ದಾರೀಲಿ ಒಡೀಬಾರದು ಅಂತ ಸುತ್ತ ಗಟ್ಟಾಪರ್ಚಾ ತುಂಬಿದ್ರಂತೆ, ಹುಡುಗ ಅದನ್ನೇ ತಗೊಂಡು ಚೆಂಡು ಉರುಳಿಸಿದನಂತೆ. ಕಥೆ ಪೂರಾ ನಿಜವೋ, ಸ್ವಲ್ಪ ಒಗ್ಗರಣೆಯೋ, ಚೆಂಡಂತೂ ಅಗ್ಗ ಆಯ್ತು. ಈ ಚೆಂಡು ಗಟ್ಟಿ. ಹಾಗಾಗಿ ಅದನ್ನ ಹೊಡೆಯೋ ಕೋಲೂ ಬದಲಾಗಬೇಕಾಯ್ತು. ಇದು ನೆನಪಿರಲಿ. ಗಾಲ್ಫ್ ಇತಿಹಾಸದುದ್ದಕ್ಕೂ ಚೆಂಡು ಬದಲಾದಾಗ ಕೋಲು ಬದಲಾಗಿದೆ.

ಈ ಆಟ ನಮ್ಮ ದೇಶಕ್ಕೆ ಬಂದಿದ್ದು ಚೆಂಡು ಅಗ್ಗ ಆಗೋಕೂ ಮೊದಲು. ಕಲ್ಕತ್ತಾದ ಗಾಲ್ಫ್ ಕ್ಲಬ್ ಶುರುವಾಗಿದ್ದು 1829ರಲ್ಲಿ. ಬ್ರಿಟನ್ ಹೊರಗೆ ಅತ್ಯಂತ ಹಳೆಯದು ಅದೇ. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಅಂದ್ರೆ ಮೈಸೂರು ರಾಜ್ಯ ಒಡೆಯರ ಕೈಗೆ ವಾಪಸ್ ಬರೋದಕ್ಕೆ ಐದು ವರ್ಷ ಮೊದಲು! ರಾಜ್ಯ ವಾಪಸ್ ಸಿಗೋಕೂ ಮೊದಲೇ ದಂಡಿನ ಸಾಹೇಬರು ಕೋಲು ಬೀಸ್ತಾ ಇದ್ರು. ಕೋಲಾರದ ಚಿನ್ನದ ಗಣಿಗೆ ಜಾನ್ ಟೇಲರ್ ಕಂಪನಿ ಬಂದ ಮೇಲೆ ಅಲ್ಲೂ ಕ್ಲಬ್ಬು, ಅಲ್ಲೂ ಗಾಲ್ಫು. ಗಣಿಯ ಒಳಗೆ ಸಾವಿರಾರು ಅಡಿ ಕೆಳಗೆ ಕೂಲಿಗಳು, ಮೇಲೆ ಕೋಲು ಹಿಡಿದ ಮೇಲಧಿಕಾರಿಗಳು. ಒಂದೇ ಊರು, ಎರಡು ಲೋಕ.

ಆ ಎರಡು ಲೋಕದ ನಡುವೆ ಒಬ್ಬ ಹುಡುಗ ಓಡಾಡ್ತಿದ್ದ. ಅವನೇ ಕ್ಯಾಡಿ. ಸಾಹೇಬರ ಕೋಲಿನ ಚೀಲ ಹೊರುವವನು. ಯಾವ ಕೋಲು ಎಷ್ಟು ದೂರ ಹೋಗುತ್ತೆ, ಗಾಳಿ ಯಾವ ಕಡೆ, ಹುಲ್ಲು ಯಾವ ಕಡೆ ವಾಲಿದೆ, ಇವೆಲ್ಲ ಸಾಹೇಬರಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಗೊತ್ತಿರಲಿಲ್ಲ ಅಂದ್ರೆ ಅವನಿಗೆ ಕೆಲಸವೇ ಇರ್ತಿರಲಿಲ್ಲ. ಅವನ ಹತ್ತಿರ ಇರದೇ ಇದ್ದದ್ದು ಒಂದೇ: ಸ್ವಂತದ ಕೋಲು. ಈ ಹುಡುಗನನ್ನ ಇಲ್ಲೇ ನಿಲ್ಲಿಸಿರೋಣ, ಮತ್ತೆ ಬರ್ತೀನಿ.

ಇಪ್ಪತ್ತನೇ ಶತಮಾನದಲ್ಲಿ ಬಡಿಗನ ಕೈಯಿಂದ ಕೋಲು ಇಂಜಿನಿಯರ್ ಕೈಗೆ ಹೋಯ್ತು. ಮರದ ದಂಡಕ್ಕೆ ಒಂದು ದೋಷ. ಬೀಸುವಾಗ ಬಾಗೋದಷ್ಟೇ ಅಲ್ಲ, ತಿರುಚುತ್ತೆ. ಒಂದು ದಂಡದ ಹಾಗೆ ಇನ್ನೊಂದು ಇರೋದೂ ಇಲ್ಲ. ಉಕ್ಕಿನ ಕೊಳವೆ ಬಂದ ಮೇಲೆ ನೂರು ದಂಡ ಮಾಡಿದ್ರೂ ನೂರೂ ಒಂದೇ ಥರ. ಅಮೆರಿಕ ಬೇಗ ಒಪ್ಪಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಸಂಸ್ಥೆ, ಅಂದ್ರೆ ಈ ಆಟದ ಹಿರಿಯಜ್ಜ, 1929ರವರೆಗೂ ಒಪ್ಪಲಿಲ್ಲ. ಮಜಾ ಏನಂದ್ರೆ, ಮರುವರ್ಷ 1930ರಲ್ಲಿ ಅಮೆರಿಕದ ಬಾಬಿ ಜೋನ್ಸ್ ಒಂದೇ ವರ್ಷದಲ್ಲಿ ನಾಲ್ಕೂ ದೊಡ್ಡ ಪಂದ್ಯ ಗೆದ್ದಿದ್ದು ಹಳೆಯ ಹಿಕರಿ ಮರದ ಕೋಲಲ್ಲೇ!

ಉಕ್ಕು ಬಂದ ಮೇಲೆ ಜನ ಕೋಲಿನ ಮೇಲೆ ಕೋಲು ಕೊಳ್ಳೋಕೆ ಶುರು ಮಾಡಿದ್ರು. ಒಬ್ಬೊಬ್ಬರ ಚೀಲದಲ್ಲಿ ಇಪ್ಪತ್ತು, ಇಪ್ಪತ್ತೈದು ಕೋಲು. ಹೊರುವ ಕ್ಯಾಡಿಯ ಬೆನ್ನು ಏನಾಗಬೇಕು? ಕೊನೆಗೆ 1938ರಲ್ಲಿ ಅಮೆರಿಕ, 1939ರಲ್ಲಿ ಆರ್ ಅಂಡ್ ಎ, ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಇಟ್ಕೋಬಾರದು ಅಂತ ನಿಯಮ ತಂದವು. ಇವತ್ತಿಗೂ ಅದೇ ನಿಯಮ. ಗಮನಿಸಿ, ಹದಿನಾಲ್ಕು ಅನ್ನೋದು ಗರಿಷ್ಠ ಮಿತಿ. ಹದಿನಾಲ್ಕೂ ಇರಲೇಬೇಕು ಅಂತ ಯಾವ ಪುಸ್ತಕವೂ ಹೇಳಿಲ್ಲ. ಅಂಗಡಿಯವನು ಹೇಳ್ತಾನೆ, ಅದು ಬೇರೆ ಮಾತು.

ಇನ್ನು ನನಗೆ ಅತ್ಯಂತ ಇಷ್ಟವಾದ ಕಥೆ. ಕಾರ್ಸ್ಟನ್ ಸೋಲ್ಹೈಮ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕ ಸೇರಿದವರು. ಅಪ್ಪನದು ಶೂ ಹೊಲಿಯುವ ಅಂಗಡಿ, ಇವರೂ ಅದೇ ಕೆಲಸ ಮಾಡಿದ್ರು. ಆಮೇಲೆ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಇಂಜಿನಿಯರ್. ಗಾಲ್ಫ್ ಕೋಲು ಹಿಡಿದಿದ್ದೇ 42ನೇ ವಯಸ್ಸಲ್ಲಿ. ಕೊನೆಯ ಹೊಡೆತಕ್ಕೆ, ಅಂದ್ರೆ ಚೆಂಡನ್ನ ಮೆಲ್ಲಗೆ ಕುಳಿಗೆ ಉರುಳಿಸೋಕೆ, ಪಟರ್ ಅನ್ನೋ ಕೋಲು ಬೇಕು. ಇವರಿಗೆ ಅದು ಕೈಗೆ ಹತ್ತಲಿಲ್ಲ. ಚೆಂಡು ಕೋಲಿನ ಮಧ್ಯಕ್ಕೆ ತಾಗದೇ ಅಂಚಿಗೆ ತಾಗಿದ್ರೆ ಕೋಲಿನ ತಲೆ ತಿರುಗಿಬಿಡುತ್ತೆ, ಚೆಂಡು ದಾರಿ ತಪ್ಪುತ್ತೆ. ಅವರು ಏನು ಮಾಡಿದ್ರು? ತಲೆಯ ನಡುವಿನ ತೂಕ ತೆಗೆದು ಎರಡೂ ತುದಿಗೆ ಹಾಕಿದ್ರು.

ಇದು ಹೇಗೆ ಕೆಲಸ ಮಾಡುತ್ತೆ? ಕಾವಡಿ ಹೊತ್ತವನನ್ನ ನೆನಪು ಮಾಡ್ಕೊಳ್ಳಿ. ಎರಡು ಕೊಡ ನೀರನ್ನ ಎದೆಗೆ ಅವಚಿ ಹಿಡಿದವನನ್ನ ಗರಕ್ಕನೆ ತಿರುಗಿಸಬಹುದು. ಅದೇ ಎರಡು ಕೊಡವನ್ನ ಉದ್ದನೆಯ ಕಾವಡಿಯ ಎರಡು ತುದಿಗೆ ಕಟ್ಟಿ, ಆಮೇಲೆ ತಿರುಗಿಸಿ ನೋಡೋಣ! ತೂಕ ಅಷ್ಟೇ, ಆದ್ರೆ ತಿರುಗಿಸೋದು ಕಷ್ಟ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ನಮಗೆ ಜಡತ್ವದ ಆಘೂರ್ಣ ಅಂತ ಕಲಿಸ್ತಾರಲ್ಲ, ಅಂದ್ರೆ ಮೊಮೆಂಟ್ ಆಫ್ ಇನರ್ಷಿಯಾ, ಅದು ಇದೇ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತ ಸೂತ್ರದಿಂದ ಒಬ್ಬರು ಸಾಮ್ರಾಜ್ಯ ಕಟ್ಟಿದ್ರು. 1959ರಲ್ಲಿ ಬಂದ ಅವರ ಮೊದಲ ಪಟರ್ ಚೆಂಡಿಗೆ ತಾಗಿದಾಗ 'ಪಿಂಗ್' ಅಂತ ಸದ್ದು ಬರ್ತಿತ್ತು, ಕಂಪನಿ ಹೆಸರೂ ಪಿಂಗ್ ಆಯ್ತು. 1966ರಲ್ಲಿ ಒಂದು ಗ್ರಾಮಫೋನ್ ತಟ್ಟೆಯ ಹೊದಿಕೆ ಮೇಲೆ ಅವರು ಗೀಚಿದ ಆನ್ಸರ್ ಅನ್ನೋ ಪಟರ್‌ನ ಆಕಾರವನ್ನ ಇವತ್ತಿಗೂ ಜಗತ್ತಿನ ಕಂಪನಿಗಳು ನಕಲು ಮಾಡ್ತಾನೇ ಇವೆ.

ಆಮೇಲಿನದು ವೇಗವಾಗಿ ಹೇಳಿಬಿಡ್ತೀನಿ. 1970ರ ಹೊತ್ತಿಗೆ ಗ್ರಾಫೈಟ್ ದಂಡ ಬಂತು, ಉಕ್ಕಿಗಿಂತ ಹಗುರ. 1979ರಲ್ಲಿ ಟೇಲರ್‌ಮೇಡ್ ಕಂಪನಿ ಮರದ ತಲೆ ತೆಗೆದು ಟೊಳ್ಳು ಉಕ್ಕಿನ ತಲೆ ಹಾಕಿತು. 1991ರಲ್ಲಿ ಕ್ಯಾಲವೇ ಕಂಪನಿಯ ಬಿಗ್ ಬರ್ತಾ ಬಂತು. ಮೊದಲ ಮಹಾಯುದ್ಧದ ಜರ್ಮನ್ ಫಿರಂಗಿಯ ಹೆಸರು ಅದು! ತಲೆಯ ಗಾತ್ರ 190 ಸಿಸಿ, ಆಗಿನ ಕಾಲಕ್ಕೆ ಅದೇ ದೈತ್ಯ. ಟೈಟೇನಿಯಂ ಬಂದ ಮೇಲೆ ಗಾತ್ರ ಇನ್ನೂ ಏರಿತು. ಕೊನೆಗೆ 2004ರಲ್ಲಿ ನಿಯಮ ಬಂತು: 460 ಸಿಸಿ ದಾಟಬಾರದು. ಕೋಲಿನ ಮುಖ ಎಷ್ಟು ಪುಟಿಸಬಹುದು ಅನ್ನೋದಕ್ಕೂ ಮಿತಿ ಬಂತು. ಸ್ಥೂಲವಾಗಿ ಹೇಳೋದಾದ್ರೆ, ನೂರು ಕಿಲೋಮೀಟರ್ ವೇಗದಲ್ಲಿ ಬಂದು ಬಡಿದ ಚೆಂಡು ಎಂಬತ್ತಮೂರರ ವೇಗದಲ್ಲಿ ಮರಳಬಹುದು, ಅದಕ್ಕಿಂತ ಹೆಚ್ಚಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಇದೇ ಮುಖ್ಯ. ಸುಮಾರು ಇಪ್ಪತ್ತು ವರ್ಷದ ಹಿಂದೆಯೇ ಗಾತ್ರಕ್ಕೆ ಬೀಗ ಬಿದ್ದಿದೆ, ಪುಟಿತಕ್ಕೆ ಬೀಗ ಬಿದ್ದಿದೆ. ಆದ್ರೂ ವರ್ಷಾ ವರ್ಷ ಜಾಹೀರಾತು ಏನು ಹೇಳುತ್ತೆ? "ಹಿಂದಿನದಕ್ಕಿಂತ ಹತ್ತು ಗಜ ಹೆಚ್ಚು!" ಪ್ರತಿವರ್ಷ ಹತ್ತು ಗಜ ಸೇರ್ತಾ ಹೋಗಿದ್ರೆ ಇಷ್ಟೊತ್ತಿಗೆ ಕಲಬುರಗಿಯಲ್ಲಿ ಹೊಡೆದ ಚೆಂಡು ಕಮಲಾಪುರದ ಬಾಳೆ ತೋಟದಲ್ಲಿ ಬೀಳಬೇಕಿತ್ತು! ನಿಜವಾಗಿ ಸುಧಾರಿಸಿದ್ದು ಏನು ಅಂದ್ರೆ, ಚೆಂಡು ಮುಖದ ಮಧ್ಯಕ್ಕೆ ತಾಗದೇ ಹೋದಾಗ ಆಗುವ ನಷ್ಟ ಕಡಿಮೆ ಆಗಿದೆ. ಅಂದ್ರೆ ಮತ್ತೆ ಅದೇ ಕಾವಡಿಯ ಲೆಕ್ಕ.

ಇನ್ನೊಂದು ಕೈಚಳಕ ಇದೆ. ಕೋಲುಗಳಿಗೆ ನಂಬರ್ ಇರುತ್ತೆ. ಏಳನೇ ನಂಬರ್ ಕಬ್ಬಿಣದ ಕೋಲನ್ನೇ ತಗೊಳ್ಳಿ. 1970ರ ದಶಕದಲ್ಲಿ ಅದರ ಮುಖದ ಓರೆ ಸುಮಾರು 38 ಡಿಗ್ರಿ. ಇವತ್ತು ಸಾಮಾನ್ಯ ಆಟಗಾರರಿಗೆ ಮಾರುವ ಬಹಳಷ್ಟು ಏಳನೇ ನಂಬರಿನಲ್ಲಿ 30 ಡಿಗ್ರಿ, ಕೆಲವದರಲ್ಲಿ ಅದಕ್ಕಿಂತಲೂ ಕಡಿಮೆ. ಓರೆ ಕಡಿಮೆ ಆದ್ರೆ ಚೆಂಡು ದೂರ ಹೋಗುತ್ತೆ, ಸಹಜ. ಅಂದ್ರೆ ಹಳೆಯ ಐದನೇ ನಂಬರ್ ಕೋಲಿನ ಬೆನ್ನಿಗೆ ಹೆಚ್ಚು ಕಡಿಮೆ ಏಳು ಅಂತ ಬರೆದಿದ್ದಾರೆ! ಹೊಸ ಕೋಲು ಅಂಗಡಿಯಲ್ಲೇ ಬೀಸಿ ನೋಡಿದವರು "ಅಬ್ಬಾ, ಏಳನೇ ನಂಬರಲ್ಲೇ ಇಷ್ಟು ದೂರ!" ಅಂತ ಹಿಗ್ಗಿ ದುಡ್ಡು ಕೊಟ್ಟು ಬರ್ತಾರೆ. ಪೂರಾ ಮೋಸ ಅಂತ ನಾನು ಹೇಳಲ್ಲ, ತೂಕ ಕೆಳಗಿಟ್ಟು ಚೆಂಡು ಮೇಲೇಳೋ ಹಾಗೆ ಮಾಡಿರೋದೂ ನಿಜ. ಆದ್ರೆ ನಂಬರ್ ನೋಡಿ ಹೋಲಿಸಬೇಡಿ, ಡಿಗ್ರಿ ಕೇಳಿ.

ಇನ್ನು ಆಟಕ್ಕೆ ವಾಪಸ್ ಬಂದವರ ಚರಿತ್ರೆ ಏನು ಹೇಳುತ್ತೆ? ಇಬ್ಬರನ್ನ ನೋಡೋಣ.

ಬೆನ್ ಹೋಗನ್. 1949ರ ಫೆಬ್ರುವರಿಯಲ್ಲಿ ಇವರ ಕಾರಿಗೆ ಎದುರಿಂದ ಬಸ್ ಬಂದು ಗುದ್ದಿತು. ಪಕ್ಕದಲ್ಲಿದ್ದ ಹೆಂಡತಿಯನ್ನ ಉಳಿಸೋಕೆ ಅಡ್ಡ ಬಿದ್ದ ಮನುಷ್ಯ, ಮೂಳೆ ಮುರಿದು ಆಸ್ಪತ್ರೆ ಸೇರಿದ್ರು. ಮತ್ತೆ ನಡೆಯೋದೇ ಅನುಮಾನ ಅಂದಿದ್ರು. ಹದಿನಾರು ತಿಂಗಳಿಗೆ, 1950ರ ಜೂನ್‌ನಲ್ಲಿ, ಮೆರಿಯನ್ ಅನ್ನೋ ಕಡೆ ಯುಎಸ್ ಓಪನ್ ಗೆದ್ರು. ಕೊನೆಯ ಕುಳಿಗೆ ಅವರು ಒಂದನೇ ನಂಬರ್ ಕಬ್ಬಿಣದ ಕೋಲಿಂದ ಹೊಡೆದ ಹೊಡೆತದ ಫೋಟೋ ಗಾಲ್ಫ್ ಲೋಕದಲ್ಲಿ ಮನೆಮಾತು. ಆ ಕೋಲಿನ ಗತಿ? ಹೊಡೆತ ಮುಗಿದ ಮೇಲೆ ಯಾರೋ ಕದ್ದೊಯ್ದರು! ದಶಕಗಳ ನಂತರ ಸಿಕ್ತು, ಈಗ ಮ್ಯೂಸಿಯಂನಲ್ಲಿದೆ. ಮುಂದೆ ಅವರೇ ಕೋಲು ತಯಾರಿಸುವ ಕಂಪನಿ ತೆರೆದಾಗ, ಮೊದಲ ಸರಕು ತನಗೆ ಸರಿ ಅನಿಸಲಿಲ್ಲ ಅಂತ ಮಾರಾಟಕ್ಕೇ ಬಿಡಲಿಲ್ಲ. ಅಂಥ ಮಾಲೀಕರು ಈಗ ಎಷ್ಟು ಜನ ಇದ್ದಾರೆ, ನೀವೇ ಹೇಳಿ.

ಎರಡನೆಯವರು ಟೈಗರ್ ವುಡ್ಸ್. 2008ರ ನಂತರ ಹನ್ನೊಂದು ವರ್ಷ ಒಂದೂ ದೊಡ್ಡ ಪಂದ್ಯ ಗೆದ್ದಿರಲಿಲ್ಲ. ಬೆನ್ನಿಗೆ ಶಸ್ತ್ರಚಿಕಿತ್ಸೆ ಮೇಲೆ ಶಸ್ತ್ರಚಿಕಿತ್ಸೆ. ಅದರ ನಡುವೆ 2016ರಲ್ಲಿ ನೈಕಿ ಕಂಪನಿ ಕೋಲು ಮಾಡೋದನ್ನೇ ನಿಲ್ಲಿಸಿತು. ಹಾಗಾಗಿ ಅವರು ಹೊಸ ಕೋಲು ಹುಡುಕಲೇಬೇಕಾಯ್ತು. 2019ರ ಏಪ್ರಿಲ್‌ನಲ್ಲಿ, 43ನೇ ವಯಸ್ಸಲ್ಲಿ, ಮಾಸ್ಟರ್ಸ್ ಗೆದ್ದಾಗ ಚೀಲದಲ್ಲಿ ದೂರ ಹೊಡೆಯುವ ಕೋಲು ಹೊಸದು, ಕಬ್ಬಿಣದ ಕೋಲುಗಳೂ ಹೊಸವು. ಆದ್ರೆ ಪಟರ್? 1999ರಿಂದ ಅವರ ಜೊತೆಗಿದ್ದ ಹಳೆಯದೇ. ಆ ಪಟರ್‌ನ ಆಕಾರ ಯಾರದ್ದು ಗೊತ್ತಾ? ಗ್ರಾಮಫೋನ್ ಹೊದಿಕೆ ಮೇಲೆ ಸೋಲ್ಹೈಮ್ ಗೀಚಿದ್ದೇ!

ನೋಡಿ, ಉತ್ತರ ತಾನಾಗೇ ಬರ್ತಾ ಇದೆ. ಮೈ ಬದಲಾದಾಗ ಬೀಸುವ ಕೋಲು ಬದಲಾಗಬೇಕು. ಕೈ ಮರೆಯದ ಕೋಲನ್ನ ಬದಲಾಯಿಸಬಾರದು.

ಈಗ ನಿಲ್ಲಿಸಿದ್ದ ಆ ಹುಡುಗನ ಹತ್ತಿರ ವಾಪಸ್ ಹೋಗೋಣ.

ಸ್ವಾತಂತ್ರ್ಯ ಬಂತು, ಸಾಹೇಬರು ಹೋದ್ರು, ಕ್ಲಬ್ಬುಗಳು ಉಳಿದವು. ಆದ್ರೆ ಕೋಲು? ಲೈಸೆನ್ಸ್ ರಾಜ್‌ನ ಕಾಲದಲ್ಲಿ ವಿದೇಶಿ ಸರಕು ತರಿಸೋದು ಅಂದ್ರೆ ಯಮಸಾಹಸ. ಲಂಡನ್ನಿಂದಲೋ ದುಬೈಯಿಂದಲೋ ಬರುವ ನೆಂಟರ ಲಗೇಜಿನಲ್ಲಿ ಕೋಲು ಬರಬೇಕಿತ್ತು. 1991ರಲ್ಲಿ ಆರ್ಥಿಕತೆ ತೆರೆದರೂ, ಗ್ರಾಹಕ ವಸ್ತುಗಳ ಆಮದಿಗೆ ಇದ್ದ ಕೊನೆಯ ಕಟ್ಟುಗಳು ಬಿಚ್ಚಿದ್ದು 2001ರ ಏಪ್ರಿಲ್ ಒಂದರಂದು. ಅಲ್ಲಿವರೆಗೆ ಒಂದು ಸೆಟ್ ಕೋಲು ಅಂದ್ರೆ ಆಸ್ತಿ. ಸದಸ್ಯರು ಹೊಸದು ಕೊಂಡಾಗ ಬಿಟ್ಟ ಹಳೆಯ ಕೋಲು, ಎರವಲು ಕೋಲು, ಇದೇ ಕ್ಯಾಡಿ ಹುಡುಗರ ಪಾಠಶಾಲೆ.

ಆ ಪಾಠಶಾಲೆ ಯಾರನ್ನ ಕೊಟ್ಟಿತು? 1991ರಲ್ಲಿ ಇಂಡಿಯನ್ ಓಪನ್ ಗೆದ್ದ ದೆಹಲಿಯ ಅಲಿ ಶೇರ್, ಕ್ಯಾಡಿ ಆಗಿದ್ದವರು. ಆ ಪಂದ್ಯ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ಅವರೇ. ಕಲ್ಕತ್ತಾದ ಎಸ್‌ಎಸ್‌ಪಿ ಚೌರಾಸಿಯಾ, ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವವರ ಮಗ, 2016 ಮತ್ತು 2017ರಲ್ಲಿ ಸಾಲಾಗಿ ಎರಡು ಸಲ ಅದೇ ಪಂದ್ಯ ಗೆದ್ದರು. ಮತ್ತು ನಮ್ಮವರೇ ಆದ ಬೆಂಗಳೂರಿನ ಸಿ. ಮುನಿಯಪ್ಪ! ಬೇರೆಯವರ ಚೀಲ ಹೊತ್ತು ಆಟ ಕಲಿತ ಮುನಿಯಪ್ಪ 2009ರಲ್ಲಿ ದಕ್ಷಿಣ ಕೊರಿಯಾದ ಲೀ ಸುಂಗ್ ಅವರನ್ನ ಪ್ಲೇಆಫ್‌ನಲ್ಲಿ ಸೋಲಿಸಿ ಇಂಡಿಯನ್ ಓಪನ್ ಎತ್ತಿಕೊಂಡರು. ಅವತ್ತು ಚಾನೆಲ್‌ಗಳಲ್ಲಿ ಕ್ರಿಕೆಟ್ ಸ್ಕೋರಿನ ಕೆಳಗೆ ಓಡುವ ಒಂದು ಸಾಲಾಗಿ ಈ ಸುದ್ದಿ ಬಂದು ಹೋಗಿರಬಹುದು. ಆದ್ರೆ ನನ್ನ ಲೆಕ್ಕದಲ್ಲಿ ಅದು ಬೆಂಗಳೂರು ಗಾಲ್ಫ್‌ನ ನೂರಾ ಮೂವತ್ತಮೂರು ವರ್ಷದ ಇತಿಹಾಸದಲ್ಲೇ ದೊಡ್ಡ ದಿನ. ಬಿಡದಿ ಹತ್ತಿರದ ಹಳ್ಳಿಯ ಎಸ್. ಚಿಕ್ಕರಂಗಪ್ಪ ಅವರದೂ ಇದೇ ದಾರಿ. ಪಕ್ಕದ ಗಾಲ್ಫ್ ಮೈದಾನದಲ್ಲಿ ಹುಡುಗನಾಗಿ ಕೆಲಸಕ್ಕೆ ಸೇರಿ, ಅನಿರ್ಬನ್ ಲಾಹಿರಿ ಅವರ ಗುರು ವಿಜಯ್ ದಿವೇಚಾ ಅವರ ಕಣ್ಣಿಗೆ ಬಿದ್ದು, ದೇಶದ ಪ್ರಮುಖ ಆಟಗಾರರಾದರು.

ಇನ್ನು ಅದಿತಿ ಅಶೋಕ್. ಬೆಂಗಳೂರಿನ ಹುಡುಗಿ. 1904ರ ನಂತರ ಒಲಿಂಪಿಕ್ಸ್‌ನಿಂದ ಮಾಯವಾಗಿದ್ದ ಗಾಲ್ಫ್ 112 ವರ್ಷದ ಮೇಲೆ 2016ರಲ್ಲಿ ರಿಯೋಗೆ ವಾಪಸ್ ಬಂತು. ಅಲ್ಲಿ 18ರ ಅದಿತಿ, ಚೀಲ ಹೊತ್ತವರು ಅಪ್ಪ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್. ಅಲ್ಲಿ ಚೀಲ ಹೊತ್ತವರು ಅಮ್ಮ. ನಾಲ್ಕನೇ ಸ್ಥಾನ! ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿತು. ದೇಶದ ಅರ್ಧ ಜನ ಅವತ್ತು ಬೆಳಗ್ಗೆ ನಿಯಮ ಗೊತ್ತಿಲ್ಲದೇ ಗಾಲ್ಫ್ ನೋಡಿದ್ರು, ನೆನಪಿದೆಯಾ? ಆ ಪಂದ್ಯದಲ್ಲಿ ದೂರ ಹೊಡೆಯುವವರ ಪಟ್ಟಿಯಲ್ಲಿ ಅದಿತಿ ತೀರಾ ಕೆಳಗಿದ್ದರು. ಎದುರಾಳಿಗಳ ಚೆಂಡು ಎಷ್ಟೋ ಗಜ ಮುಂದೆ ಬೀಳ್ತಿತ್ತು. ಅವರನ್ನ ಪದಕದ ಬಾಗಿಲವರೆಗೆ ಒಯ್ದಿದ್ದು ದೊಡ್ಡ ತಲೆಯ ದುಬಾರಿ ಕೋಲಲ್ಲ. ಕೈಯಲ್ಲಿದ್ದ ಪಟರ್, ಮತ್ತು ಅದರ ಹಿಂದಿದ್ದ ಹದಿನೆಂಟು ವರ್ಷದ ಅಭ್ಯಾಸ. ಬೆವರಿಗೆ ಅಂಗಡಿ ಇಲ್ಲ, ರಿಯಾಯಿತಿಯೂ ಇಲ್ಲ.

ಹಾಗಾದ್ರೆ ಕಮಲಾಪುರದ ಹಿರಿಯರಿಗೆ ನಾನು ಕೊಟ್ಟ ಉತ್ತರ ಏನು? ಅದನ್ನೇ ನಿಮಗೂ ಹೇಳ್ತೀನಿ.

ಮೊದಲು ಅಟ್ಟ ಹತ್ತಿ. ಕೋಲು ಇಳಿಸಿ. ಹಿಡಿಕೆಯ ರಬ್ಬರ್ ನೋಡಿ. ನಮ್ಮ ಕಲಬುರಗಿಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತೆ, ಆ ಕಾವಲ್ಲಿ ವರ್ಷಗಟ್ಟಲೆ ಬಿದ್ದ ರಬ್ಬರ್ ಕಲ್ಲಾಗಿರುತ್ತೆ. ಅದೊಂದನ್ನ ಬದಲಾಯಿಸಿದ್ರೆ ಹಳೆ ಕೋಲಿಗೆ ಅರ್ಧ ಜೀವ ಬಂದ ಹಾಗೆ, ಖರ್ಚೂ ಕಡಿಮೆ. ಪಟರ್ ಮುಟ್ಟಬೇಡಿ, ಅದೇ ಇರಲಿ. ದೂರ ಹೊಡೆಯುವ ಕೋಲು ತೊಂಬತ್ತರ ದಶಕದ್ದಾದ್ರೆ ಬದಲಾಯಿಸಿ, ವ್ಯತ್ಯಾಸ ನಿಜಕ್ಕೂ ಕಾಣುತ್ತೆ. 2004ರ ನಂತರದ್ದಾದ್ರೆ ಅವಸರ ಬೇಡ. ಬದಲಾಯಿಸಿದರೂ ಎರಡು-ಮೂರು ವರ್ಷ ಹಳೆಯ ಮಾದರಿ ತಗೊಳ್ಳಿ, ಕೈ ಬದಲಾದ ಕೋಲು ತಗೊಳ್ಳಿ, ಬೆಲೆ ತುಂಬಾ ಇಳಿದಿರುತ್ತೆ. ವಯಸ್ಸಾದ ಭುಜಕ್ಕೆ ಗಟ್ಟಿ ಉಕ್ಕಿನ ದಂಡಕ್ಕಿಂತ ಹಗುರವಾದ, ಮೆತ್ತಗಿನ ಗ್ರಾಫೈಟ್ ದಂಡ ಒಳ್ಳೇದು. ಹದಿನಾಲ್ಕು ಬೇಡ, ಏಳೆಂಟು ಸಾಕು. ಎಲ್ಲಕ್ಕಿಂತ ಮೊದಲು, ಒಂದು ಮೂರು ತಿಂಗಳು ಹಳೆಯದರಲ್ಲೇ ಆಡಿ. ಬಿಟ್ಟ ಆಟ ನಿಜವಾಗ್ಲೂ ವಾಪಸ್ ಬಂದಿದೆಯೋ, ಬರೀ ಆಸೆ ವಾಪಸ್ ಬಂದಿದೆಯೋ ಅನ್ನೋದು ಗೊತ್ತಾಗಲಿ. ಆಸೆಗೆ ಲಕ್ಷ ಸುರಿದು, ಮತ್ತೆ ಅದೇ ಅಟ್ಟಕ್ಕೆ ಹೊಸ ಸೆಟ್ ಹತ್ತಿಸಿದವರು ಕಮ್ಮಿ ಇಲ್ಲ.

ಕೊನೆಯದು, ಇದು ಸಲಹೆ ಅಲ್ಲ, ಕೋರಿಕೆ. ಹೊಸದು ಕೊಂಡ್ರೆ ಹಳೆಯದನ್ನ ಅಟ್ಟಕ್ಕೆ ಹಾಕಬೇಡಿ. ಗಾಲ್ಫ್‌ಗೆ ಎಕರೆಗಟ್ಟಲೆ ಜಾಗ ಬೇಕು, ನೀರು ಬೇಕು, ಅದು ಕ್ಲಬ್ಬಿನ ಗೋಡೆಯೊಳಗಿನ ಆಟ, ಒಪ್ಪಿಕೊಳ್ತೀನಿ. ನಮ್ಮ ಕಲ್ಯಾಣ ಕರ್ನಾಟಕದ ಸಾಮಾನ್ಯ ಹುಡುಗನಿಗೆ ಅದು ಟಿವಿಯಲ್ಲಿ ಕಾಣುವ ಹಸಿರು ಅಷ್ಟೇ. ಆ ಗೋಡೆಯನ್ನ ನಾನು ನೀವು ಇವತ್ತೇ ಕೆಡವೋಕೆ ಆಗಲ್ಲ. ಆದ್ರೆ ಗೋಡೆಯ ಒಳಗೇ ಚೀಲ ಹೊರುವ ಹುಡುಗರಿದ್ದಾರೆ, ಚೆಂಡು ಹೆಕ್ಕುವ ಹುಡುಗಿಯರಿದ್ದಾರೆ. ರಾಜನೊಬ್ಬ 14 ಶಿಲ್ಲಿಂಗ್ ಕೊಟ್ಟು ಕೊಂಡ ಕೋಲಿನಿಂದ ಇತಿಹಾಸಕ್ಕೆ ಸಿಕ್ಕಿದ್ದು ಲೆಕ್ಕದ ಪುಸ್ತಕದ ಒಂದು ಸಾಲು. ಯಾರೋ ಬಿಟ್ಟುಕೊಟ್ಟ ಹಳೆಯ ಕೋಲುಗಳಿಂದ ಈ ದೇಶಕ್ಕೆ ಸಿಕ್ಕಿದ್ದು ಚಾಂಪಿಯನ್ನರು. ಯಾವ ಕೋಲಿನ ಬೆಲೆ ಹೆಚ್ಚು ಅಂತ ನೀವೇ ಲೆಕ್ಕ ಹಾಕಿ.